ಬಾಯಿ ಬಿಡಿಸುವವರು

1943ರ ಅಕ್ಟೋಬರ್ 10ರ ಬೆಳಿಗ್ಗೆ ಸಿಂಗಪುರದ ಚಾಂಗಿ ಜೈಲಿಗೆ ಕೆಂಪೆತಾಯ್, ಅಂದರೆ ಜಪಾನಿನ ಮಿಲಿಟರಿ ಪೊಲೀಸರು, ನುಗ್ಗಿದರು. ಅಲ್ಲಿ ಕೂಡಿಹಾಕಿದ್ದವರು ಸೈನಿಕರಲ್ಲ, ಸಿಂಗಪುರ ಜಪಾನೀಯರ ವಶವಾದಾಗ ಸಿಕ್ಕಿಬಿದ್ದ ಯುರೋಪಿಯನ್ ನಾಗರಿಕರು. ವೈದ್ಯರು, ಬ್ಯಾಂಕ್ ನೌಕರರು, ಸರ್ಕಾರಿ ಅಧಿಕಾರಿಗಳು, ಪಾದ್ರಿಗಳು. ಎರಡು ವಾರದ ಹಿಂದೆ, ಸೆಪ್ಟೆಂಬರ್ 26ರ ರಾತ್ರಿ, ಬಂದರಿನಲ್ಲಿ ನಿಂತಿದ್ದ ಏಳು ಹಡಗುಗಳಿಗೆ ಯಾರೋ ಸಿಡಿಮದ್ದು ಅಂಟಿಸಿ ಹೋಗಿದ್ದರು. ಊರೊಳಗಿನವರ ಕೈವಾಡವಿಲ್ಲದೆ ಇಂಥದ್ದು ನಡೆಯುವುದಿಲ್ಲ, ಜೈಲಿನೊಳಗಿಂದಲೇ ರೇಡಿಯೋದಲ್ಲಿ ಸುದ್ದಿ ಹೋಗಿದೆ ಎಂದು ಕೆಂಪೆತಾಯ್ ಯಾರನ್ನೂ ಕೇಳುವ ಮೊದಲೇ ತೀರ್ಮಾನಕ್ಕೆ ಬಂದಿತ್ತು.

ನಡೆದದ್ದೇ ಬೇರೆ. ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ಹದಿನಾಲ್ಕು ಮಂದಿ ‘ಕ್ರೈಟ್’ ಎಂಬ ಹಳೆಯ ಮೀನುಗಾರಿಕೆ ದೋಣಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಹೊರಟು ಬಂದಿದ್ದರು. ಸ್ಥಳೀಯ ಮೀನುಗಾರರಂತೆ ಕಾಣಲೆಂದು ಮೈಗೆ ಕಂದು ಬಣ್ಣ ಬಳಿದುಕೊಂಡು ಲುಂಗಿ ಸುತ್ತಿದ್ದರು. ಅವರಲ್ಲಿ ಆರು ಜನ ಮಡಚುವ ದೋಣಿಗಳಲ್ಲಿ ಹುಟ್ಟು ಹಾಕುತ್ತಾ ಬಂದರಿನೊಳಗೆ ನುಸುಳಿ, ಮದ್ದು ಅಂಟಿಸಿ, ಬಂದ ದಾರಿಯಲ್ಲೇ ಮರಳಿದರು. ಸಿಂಗಪುರದಲ್ಲಿದ್ದ ಒಬ್ಬನೇ ಒಬ್ಬನಿಗೂ ಇದರ ಸುಳಿವಿರಲಿಲ್ಲ.

ಕೆಂಪೆತಾಯ್ ಜೈಲಿನಿಂದ ಎಳೆದೊಯ್ದವರ ಸಂಖ್ಯೆ 57. ಇಕ್ಕಟ್ಟಾದ ಕೋಣೆಗಳಲ್ಲಿ ಅವರು ಬೆಳಿಗ್ಗೆಯಿಂದ ರಾತ್ರಿ ಹತ್ತರವರೆಗೆ ಮೊಣಕಾಲು ಮೇಲೆತ್ತಿ ನೆಲದ ಮೇಲೆ ನೆಟ್ಟಗೆ ಕೂತಿರಬೇಕಿತ್ತು. ಒರಗುವಂತಿಲ್ಲ, ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ರಾತ್ರಿಯಿಡೀ ದೀಪ ಉರಿಯುತ್ತಿತ್ತು. ಕುಡಿಯಲು ಇದ್ದ ನೀರು ಶೌಚದ ಗುಂಡಿಗೆ ಹರಿದುಬರುತ್ತಿದ್ದ ನೀರು ಮಾತ್ರ. ನಡುನಡುವೆ ಹೆಸರು ಕೂಗಿ ಕರೆದೊಯ್ಯುತ್ತಿದ್ದರು. ಬಿಷಪ್ ಲಿಯೊನಾರ್ಡ್ ವಿಲ್ಸನ್ ಅವರನ್ನು ದಿನಗಟ್ಟಲೆ ಹೊಡೆದರು. ಆಸ್ಪತ್ರೆಯ ಕ್ಯಾಂಟೀನ್ ನಡೆಸುತ್ತಾ ಕೈದಿಗಳಿಗೆ ಔಷಧಿ, ಹಣ ತಲುಪಿಸುತ್ತಿದ್ದ ಎಲಿಜಬೆತ್ ಚೋಯ್ ಎಂಬಾಕೆಗೆ ಗಂಡನ ಕಣ್ಣೆದುರೇ ವಿದ್ಯುತ್ ಶಾಕ್ ಕೊಟ್ಟರು. ಆಕೆ ಅಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಇದ್ದರು. ತಿಂಗಳುಗಟ್ಟಲೆ ನಡೆದ ಈ ವಿಚಾರಣೆಯಲ್ಲಿ ಹದಿನೈದು ಮಂದಿ ಸತ್ತರು. ಹಡಗುಗಳನ್ನು ಮುಳುಗಿಸಿದವರು ಯಾರೆಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಗೊತ್ತಿಲ್ಲದ್ದನ್ನು ಹೇಳಲು ಯಾರಿಗೂ ಆಗುವುದಿಲ್ಲ. ಆದರೆ ನೋವು ಉಣ್ಣುತ್ತಿರುವವನ ಬಾಯಲ್ಲಿ ಬರುವ ‘ಗೊತ್ತಿಲ್ಲ’ ಎಂಬ ಮಾತು ಹೊಡೆಯುವವನ ಕಿವಿಗೆ ಹಟದಂತೆಯೇ ಕೇಳುತ್ತದೆ.

ಅದೇ ಕಾಲದಲ್ಲಿ ನಮ್ಮ ಅಂಡಮಾನಿನಲ್ಲೂ ಇದೇ ನಡೆಯಿತು. ಜಪಾನೀಯರ ವಶದಲ್ಲಿದ್ದ ಪೋರ್ಟ್ ಬ್ಲೇರ್‌ನಲ್ಲಿ ಗೂಢಚಾರಿಕೆಯ ಶಂಕೆಯ ಮೇಲೆ ನೂರಾರು ಭಾರತೀಯರನ್ನು ಸೆಲ್ಯುಲರ್ ಜೈಲಿಗೆ ತಳ್ಳಿದರು. ಭಾರತೀಯ ಸ್ವಾತಂತ್ರ್ಯ ಸಂಘದ ಸ್ಥಳೀಯ ಮುಖಂಡರಾಗಿದ್ದ ಡಾ. ದೀವಾನ್ ಸಿಂಗ್ ಅವರನ್ನೂ ಬಿಡಲಿಲ್ಲ. 1943ರ ಡಿಸೆಂಬರ್ ಕೊನೆಯಲ್ಲಿ ನೇತಾಜಿ ಅಂಡಮಾನಿಗೆ ಬಂದುಹೋದಾಗ ಅವರು ಅದೇ ಜೈಲಿನಲ್ಲಿ ಚಿತ್ರಹಿಂಸೆ ಅನುಭವಿಸುತ್ತಿದ್ದರು. ಮರುತಿಂಗಳು ತೀರಿಕೊಂಡರು. ಜನವರಿ 30ರಂದು ಹಂಫ್ರಿಗಂಜ್‌ನಲ್ಲಿ 44 ಭಾರತೀಯರನ್ನು ಗೂಢಚಾರರೆಂದು ಗುಂಡಿಟ್ಟು ಕೊಂದರು. ದ್ವೀಪದಲ್ಲಿ ನಿಜವಾದ ಗೂಢಚಾರರೂ ಇದ್ದರು. ಪೋರ್ಟ್ ಬ್ಲೇರ್‌ನಲ್ಲಿ ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದ ಡೆನಿಸ್ ಮೆಕಾರ್ಥಿ 1943ರ ಜನವರಿಯಲ್ಲೇ ಸಬ್‌ಮರೀನ್‌ನಲ್ಲಿ ಬಂದು ಕಾಡಿಗಿಳಿದಿದ್ದ. ಜೈಲಿನಲ್ಲಿ ಅಮಾಯಕರ ಮೂಳೆ ಮುರಿಯುತ್ತಿದ್ದವರ ಕೈಗೆ ಅವನು ಸಿಗಲಿಲ್ಲ.

‘ನಾಲ್ಕು ಬಿಗಿದರೆ ಎಲ್ಲಾ ಕಕ್ಕುತ್ತಾನೆ’ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಅದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಸಿನಿಮಾದಲ್ಲಿ ನಾಯಕ ಖಳನನ್ನು ತಲೆಕೆಳಗೆ ನೇತುಹಾಕುತ್ತಾನೆ, ಖಳ ವಿಳಾಸ ಹೇಳುತ್ತಾನೆ, ವಿಳಾಸ ಸರಿಯಾಗಿಯೇ ಇರುತ್ತದೆ. ಆದರೆ ಚಾಂಗಿ, ಅಂಡಮಾನಿನ ಹಿಂಸೆ ನಡೆದ ಅದೇ ಎರಡನೇ ಮಹಾಯುದ್ಧದಲ್ಲಿ ಎದುರಾಳಿಯ ಗುಟ್ಟುಗಳನ್ನು ಅತಿ ಹೆಚ್ಚು ಹೊರತೆಗೆದವರಲ್ಲಿ ಒಬ್ಬನೆಂದು ಹೆಸರಾದ ಮನುಷ್ಯ ಯಾರ ಮೈಮೇಲೂ ಕೈ ಹಾಕಿದವನಲ್ಲ.

ಅವನ ಹೆಸರು ಹಾನ್ಸ್ ಶಾರ್ಫ್. ಜರ್ಮನ್ ವಾಯುಸೇನೆಯ ಸಾಧಾರಣ ದರ್ಜೆಯ ಸೈನಿಕ. ಯುದ್ಧಕ್ಕೆ ಮುನ್ನ ಜೊಹಾನ್ಸ್‌ಬರ್ಗ್‌ನಲ್ಲಿ ಜರ್ಮನ್ ಕಂಪನಿಯೊಂದರ ವ್ಯಾಪಾರ ನೋಡಿಕೊಳ್ಳುತ್ತಿದ್ದ, ಹೆಂಡತಿ ಇಂಗ್ಲಿಷ್ ಮನೆತನದವಳು. 1939ರಲ್ಲಿ ರಜೆಗೆಂದು ಜರ್ಮನಿಗೆ ಬಂದವನು ಯುದ್ಧ ಶುರುವಾಗಿ ಅಲ್ಲೇ ಸಿಕ್ಕಿಹಾಕಿಕೊಂಡ. ಇಂಗ್ಲಿಷ್ ಬರುತ್ತದೆಂದು ದುಭಾಷಿಯಾದ. ವಿಚಾರಣಾಧಿಕಾರಿಗಳು ವಿಮಾನ ಅಪಘಾತದಲ್ಲಿ ಸತ್ತಾಗ 1943ರಲ್ಲಿ ಅವರ ಕುರ್ಚಿ ಇವನಿಗೆ ಬಂತು. ಫ್ರಾಂಕ್‌ಫರ್ಟ್ ಬಳಿಯ ಓಬರ್‌ಉರ್ಸೆಲ್ ಶಿಬಿರದಲ್ಲಿ, ಹೊಡೆದುರುಳಿಸಿದ ಅಮೆರಿಕನ್ ಯುದ್ಧವಿಮಾನಗಳ ಪೈಲಟ್‌ಗಳನ್ನು ಮಾತಾಡಿಸುವುದು ಅವನ ಕೆಲಸ. ಯುದ್ಧ ಮುಗಿಯುವ ಹೊತ್ತಿಗೆ ಅವನೆದುರು ಕೂತವರು ಸುಮಾರು ಐನೂರು ಮಂದಿ.

ಪೈಲಟ್‌ಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಇಷ್ಟೇ: ಹೆಸರು, ಹುದ್ದೆ, ನಂಬರ್, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಬೇಡ. ಶಾರ್ಫ್ ಅದರಾಚೆ ಏನನ್ನೂ ಕೇಳುವ ಆತುರ ತೋರಿಸುತ್ತಿರಲಿಲ್ಲ. ಬದಲಿಗೆ ದಪ್ಪನೆಯ ಫೈಲ್ ತೆರೆದು ತಾನೇ ಹೇಳುತ್ತಾ ಹೋಗುತ್ತಿದ್ದ. ನಿಮ್ಮ ದಳ ಇಂಥದ್ದು, ನೆಲೆ ಇಂಥಲ್ಲಿ, ಕಮಾಂಡರ್ ಇಂಥವರು, ಹೋದ ತಿಂಗಳು ನಿಮ್ಮ ಗೆಳೆಯನಿಗೆ ಬಡ್ತಿ ಸಿಕ್ಕಿತು. ಕೇಳುತ್ತಾ ಕೂತ ಹುಡುಗನಿಗೆ, ಇವರಿಗೆ ಎಲ್ಲವೂ ಗೊತ್ತಿದೆ, ಇನ್ನು ನಾನು ಮುಚ್ಚಿಡುವುದೇನಿದೆ ಅನ್ನಿಸತೊಡಗುತ್ತಿತ್ತು.

ಆ ಫೈಲ್ ತಯಾರಾಗುತ್ತಿದ್ದ ಬಗೆ ಕೇಳಿದರೆ ನಿಜವಾದ ಕೆಲಸ ಎಲ್ಲಿ ನಡೆಯುತ್ತಿತ್ತೆಂದು ತಿಳಿಯುತ್ತದೆ. ಅಮೆರಿಕದ ಊರೂರಿನ ಪತ್ರಿಕೆಗಳನ್ನು ತರಿಸಿ ಕತ್ತರಿಸಿ ಇಡುತ್ತಿದ್ದರು. ಬಿದ್ದ ವಿಮಾನಗಳಲ್ಲಿ ಸಿಕ್ಕ ಚೀಟಿ, ಪತ್ರ, ರೇಷನ್ ಕಾರ್ಡ್ ಯಾವುದನ್ನೂ ಎಸೆಯುತ್ತಿರಲಿಲ್ಲ. ಶತ್ರುನೆಲದಲ್ಲಿ ಬಿದ್ದರೆ ತಪ್ಪಿಸಿಕೊಂಡು ನಕಲಿ ಗುರುತಿನ ಚೀಟಿ ಮಾಡಿಸಲು ಬೇಕೆಂದು ಪೈಲಟ್‌ಗಳು ನಾಗರಿಕ ಉಡುಪಿನಲ್ಲಿ ತೆಗೆಸಿದ ಫೋಟೊ ಜೊತೆಗಿಟ್ಟುಕೊಂಡಿರುತ್ತಿದ್ದರು. ಪ್ರತಿ ನೆಲೆಯಲ್ಲೂ ಈ ಫೋಟೊಗೆಂದು ಇದ್ದದ್ದು ಒಂದೆರಡು ಕೋಟು, ಟೈ ಮಾತ್ರ. ಎಲ್ಲರೂ ಸರದಿಯಲ್ಲಿ ಅದನ್ನೇ ತೊಟ್ಟು ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದರು. ಓಬರ್‌ಉರ್ಸೆಲ್‌ನ ಗುಮಾಸ್ತರು ಫೋಟೊದಲ್ಲಿನ ಕೋಟು ನೋಡಿ ಪೈಲಟ್ ಯಾವ ದಳದವನೆಂದು ಹೇಳಿಬಿಡುತ್ತಿದ್ದರು. ಶಾರ್ಫ್‌ನ ಜಾಣತನದ ಅರ್ಧಪಾಲು ಹೀಗೆ ತಾಳ್ಮೆಯಿಂದ ಕಾಗದ ಜೋಡಿಸಿದವರಿಗೆ ಸೇರಬೇಕು.

ಉಳಿದರ್ಧ ಅವನದೇ. ಕೈದಿಯನ್ನು ಮಾತಿನ ಮೇಲೆ ನಂಬಿ ಕಾಡಿನ ದಾರಿಯಲ್ಲಿ ವಾಕಿಂಗ್ ಕರೆದೊಯ್ಯುತ್ತಿದ್ದ. ಗಾಯವಾಗಿದ್ದರೆ ಮೊದಲು ಆಸ್ಪತ್ರೆ. ಜರ್ಮನ್ ಪೈಲಟ್‌ಗಳ ಜೊತೆ ಕೂರಿಸಿ ಚಹಾ ಕೊಡಿಸುತ್ತಿದ್ದ. ಅಂಥ ಒಂದು ಅಡ್ಡಾಟದಲ್ಲಿ ನಡೆದ ಸಂಗತಿ ಇದು. ಹಾರುವ ಗುಂಡಿನ ಜಾಡು ಕಾಣಲೆಂದು ಬೆಳಕು ಉಗುಳುವ ಟ್ರೇಸರ್ ಗುಂಡುಗಳನ್ನು ಬಳಸುತ್ತಾರಲ್ಲ, ಅಮೆರಿಕನ್ ವಿಮಾನಗಳಿಂದ ಕೆಂಪು ಟ್ರೇಸರ್‌ಗಳ ನಡುವೆ ಇದ್ದಕ್ಕಿದ್ದಂತೆ ಬಿಳಿಯವು ಬರುತ್ತಿದ್ದುದು ಜರ್ಮನ್ನರಿಗೆ ಒಗಟಾಗಿತ್ತು. ಶಾರ್ಫ್ ಕೇಳಲಿಲ್ಲ. ಮಾತಿನ ಮಧ್ಯೆ, ಪಾಪ, ನಿಮ್ಮಲ್ಲಿ ರಾಸಾಯನಿಕಗಳ ಕೊರತೆಯಂತೆ, ಅದಕ್ಕೇ ಕೆಂಪು ಸಿಗದೆ ಬಿಳಿ ಹಾಕುತ್ತಿದ್ದಾರಂತೆ ಎಂದ. ಪೈಲಟ್‌ಗೆ ದೇಶದ ಮರ್ಯಾದೆಯ ಪ್ರಶ್ನೆ. ಕೊರತೆಯೂ ಇಲ್ಲ, ಏನೂ ಇಲ್ಲ, ಗುಂಡು ಮುಗಿಯುತ್ತಾ ಬಂತು ಎಂದು ನಮಗೆ ಗೊತ್ತಾಗಲೆಂದು ಬಿಳಿಯದನ್ನು ಹಾಕುತ್ತಾರೆ ಎಂದುಬಿಟ್ಟ. ಎದುರಾಳಿಯ ಗುಂಡು ಯಾವಾಗ ಮುಗಿಯುತ್ತದೆ ಎಂಬುದಕ್ಕಿಂತ ಬೆಲೆಯುಳ್ಳ ಸುದ್ದಿ ಆಕಾಶದಲ್ಲಿ ಕಾದಾಡುವವನಿಗೆ ಇನ್ನೇನಿದೆ? ಹೇಳಿದವನಿಗೆ ಮಾತ್ರ ತಾನು ಗುಟ್ಟು ಬಿಟ್ಟುಕೊಟ್ಟೆ ಎಂಬ ಅರಿವೇ ಇರಲಿಲ್ಲ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಪಾರ್ ಆಂಡರ್ಸ್ ಗ್ರಾನ್‌ಹಾಗ್ ಮತ್ತು ಸಂಗಡಿಗರು ಈ ವಿಧಾನವನ್ನು ಬಿಡಿಸಿ ಪ್ರಯೋಗಗಳಲ್ಲಿ ಪರೀಕ್ಷಿಸಿದ್ದಾರೆ. ಸ್ನೇಹದಿಂದ ಮಾತಾಡುವುದು, ಒತ್ತಿ ಕೇಳದಿರುವುದು, ಎಲ್ಲ ತಿಳಿದವನಂತೆ ತೋರುವುದು, ಪ್ರಶ್ನೆಯ ಬದಲು ಹೇಳಿಕೆ ಮುಂದಿಟ್ಟು ಅದನ್ನು ಒಪ್ಪುವಂತೆಯೋ ತಿದ್ದುವಂತೆಯೋ ಮಾಡುವುದು. ಈ ಬಗೆಯಲ್ಲಿ ಮಾತಾಡಿಸಿದಾಗ, ನೇರ ಪ್ರಶ್ನೆ ಕೇಳಿದಾಗಿನದಕ್ಕಿಂತ ಹೆಚ್ಚು ಹೊಸ ಮಾಹಿತಿ ಸಿಗುತ್ತದೆ. ಕೊಟ್ಟವರು ತಾವು ಕೊಟ್ಟದ್ದು ಸ್ವಲ್ಪವೇ ಎಂದು ತಿಳಿದಿರುತ್ತಾರೆ.

ಶಾರ್ಫ್‌ಗೂ ಸೋಲುಗಳಿದ್ದವು. 28 ವಿಮಾನಗಳನ್ನು ಹೊಡೆದುರುಳಿಸಿದ್ದ ಅಮೆರಿಕನ್ ಪೈಲಟ್ ಫ್ರಾನ್ಸಿಸ್ ಗ್ಯಾಬ್ರೆಸ್ಕಿ 1944ರ ಜುಲೈನಲ್ಲಿ ಸಿಕ್ಕಿಬಿದ್ದಾಗ ಶಾರ್ಫ್ ಅವನ ಫೋಟೊ ತೋರಿಸಿ, ನಿಮಗಾಗಿ ಕಾಯುತ್ತಲೇ ಇದ್ದೆವು ಎಂದು ಸ್ವಾಗತಿಸಿದ. ಗ್ಯಾಬ್ರೆಸ್ಕಿಯಿಂದ ಅವನಿಗೆ ಏನೂ ಸಿಗಲಿಲ್ಲ. ಯುದ್ಧದ ನಂತರ ಇಬ್ಬರೂ ಸ್ನೇಹಿತರಾದರು. ಶಾರ್ಫ್ ಅಮೆರಿಕಕ್ಕೆ ಹೋಗಿ ನೆಲೆಸಿ ಮೊಸಾಯಿಕ್ ಕಲಾವಿದನಾದ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ಸಿಂಡ್ರೆಲಾ ಕೋಟೆಯೊಳಗಿನ ಬಣ್ಣದ ಗಾಜಿನ ಚಿತ್ರಗಳು ಅವನ ಕೈಕೆಲಸ.

ಇಷ್ಟು ಓದಿ ಈ ಮನುಷ್ಯನ ಬಗ್ಗೆ ಮೆಚ್ಚುಗೆ ಹುಟ್ಟಿದರೆ ಅಲ್ಲೇ ಸ್ವಲ್ಪ ನಿಲ್ಲಬೇಕು. ಅವನ ನಯದ ಹಿಂದೆ ಭಯ ಇತ್ತು. ನೀವು ಸೈನಿಕರೇ ಎಂದು ನಂಬಿಕೆ ಬರುವಷ್ಟು ಹೇಳದಿದ್ದರೆ ಗೂಢಚಾರನೆಂದು ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊಗೆ ಒಪ್ಪಿಸಬೇಕಾದೀತು ಎಂಬ ಮಾತನ್ನು ಅವನೂ ಆಡುತ್ತಿದ್ದ. ಗೆಸ್ಟಾಪೊ ಏನು ಮಾಡಬಲ್ಲದೆಂದು ಪೈಲಟ್‌ಗಳಿಗೆ ಗೊತ್ತಿತ್ತು. 1944ರ ಮಾರ್ಚ್‌ನಲ್ಲಿ ಸೆರೆಶಿಬಿರದಿಂದ ಸುರಂಗ ಕೊರೆದು ತಪ್ಪಿಸಿಕೊಂಡವರಲ್ಲಿ ಐವತ್ತು ಮಂದಿಯನ್ನು ಅದು ಗುಂಡಿಟ್ಟು ಕೊಂದಿತ್ತು. ಓಬರ್‌ಉರ್ಸೆಲ್ ಕೂಡ ಚಹಾದಂಗಡಿಯಲ್ಲ. ಒಂಟಿ ಕೋಣೆಗಳ ಹೀಟರ್ ಅತಿಯಾಗಿ ಕಾಯಿಸಿ ಕೈದಿಗಳನ್ನು ಬೇಯಿಸಿದ ಆರೋಪದ ಮೇಲೆ ಆ ಶಿಬಿರದ ಕಮಾಂಡರ್ ಎರಿಕ್ ಕಿಲಿಂಗರ್ ಮತ್ತಿತರರನ್ನು 1945ರ ಕೊನೆಯಲ್ಲಿ ಬ್ರಿಟಿಷರು ವಿಚಾರಣೆಗೊಳಪಡಿಸಿದರು. ಮೂವರಿಗೆ ಶಿಕ್ಷೆಯಾಯಿತು. ಮೃದು ಮಾತಿನಿಂದ ಶಾರ್ಫ್ ಗಳಿಸಿದ ಪ್ರತಿ ಸುದ್ದಿಯೂ ಹೋಗಿ ಸೇರುತ್ತಿದ್ದುದು ಹಿಟ್ಲರನ ಸೇನೆಗೆ. ವಿಧಾನ ಮಾನವೀಯವಾಗಿದ್ದ ಮಾತ್ರಕ್ಕೆ ಅದನ್ನು ಬಳಸಿಕೊಂಡ ವ್ಯವಸ್ಥೆ ಮಾನವೀಯವಾಗುವುದಿಲ್ಲ.

ಮೈತ್ರಿಕೂಟದ ಕಡೆ ಈ ಕಲೆಯನ್ನು ಬೇರೆ ಬೇರೆ ದಾರಿಗಳಲ್ಲಿ ಕಂಡುಕೊಂಡರು. ಲಂಡನ್ನಿನ ಉತ್ತರಕ್ಕಿರುವ ಟ್ರೆಂಟ್ ಪಾರ್ಕ್ ಬಂಗಲೆಯಲ್ಲಿ ಸೆರೆಸಿಕ್ಕ ಜರ್ಮನ್ ಜನರಲ್‌ಗಳನ್ನು ಅತಿಥಿಗಳಂತೆ ಇಟ್ಟು, ಗೋಡೆ, ದೀಪಗಳಲ್ಲೆಲ್ಲ ಮೈಕ್ರೊಫೋನ್ ಅಡಗಿಸಿದರು. ಕೆಳಗೆ ಕೂತು ಕಿವಿಗೊಟ್ಟವರಲ್ಲಿ ಅನೇಕರು ಜರ್ಮನಿಯಿಂದ ಓಡಿಬಂದ ಯಹೂದಿ ಯುವಕರು. 1943ರ ಮಾರ್ಚ್‌ನಲ್ಲಿ ಜನರಲ್ ಫಾನ್ ತೋಮಾ ಮತ್ತೊಬ್ಬ ಜನರಲ್‌ನ ಹತ್ತಿರ ತಾನು ನೋಡಿದ್ದ ರಾಕೆಟ್ ಪ್ರಯೋಗಗಳ ಬಗ್ಗೆ ಆಡಿದ ಮಾತು ಹೀಗೆ ಸಿಕ್ಕಿತು. ಜರ್ಮನ್ನರ ರಾಕೆಟ್ ಬರೀ ವದಂತಿಯಲ್ಲ ಎಂದು ಬ್ರಿಟನ್ ನಂಬಲು ಅದೂ ಒಂದು ಕಾರಣ. ಅದೇ ವರ್ಷದ ಆಗಸ್ಟ್‌ನಲ್ಲಿ ಪೇನೆಮುಂಡೆಯ ರಾಕೆಟ್ ಕೇಂದ್ರದ ಮೇಲೆ ಬಾಂಬ್ ಬಿತ್ತು.

ನನಗೆ ಹೆಚ್ಚು ಹತ್ತಿರವೆನಿಸುವವನು ಶೆರ್‌ವುಡ್ ಮೊರಾನ್. ಜಪಾನಿನಲ್ಲಿ ದಶಕಗಳ ಕಾಲ ಮಿಷನರಿಯಾಗಿದ್ದು, ಐವತ್ತು ದಾಟಿದ ಮೇಲೆ ಅಮೆರಿಕದ ಮರೀನ್ ಪಡೆ ಸೇರಿ ಗ್ವಾಡಲ್‌ಕೆನಾಲ್ ದ್ವೀಪದ ಕದನಕ್ಕೆ ಹೋದವನು. ಜಪಾನಿ ಸೈನಿಕರು ಸತ್ತರೂ ಬಾಯಿ ಬಿಡುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ. ಮೊರಾನ್ ಗಾಯಾಳು ಕೈದಿಯ ಹತ್ತಿರ ಕೂತು ಮೊದಲು ಗಾಯದ ಬಗ್ಗೆ ಕೇಳುತ್ತಿದ್ದ, ಯಾರು ಕಟ್ಟು ಕಟ್ಟಿದರು, ಊಟ ಆಯಿತೇ, ಯಾವ ಊರು ಎಂದು ಶುದ್ಧ ಜಪಾನಿಯಲ್ಲಿ ಮಾತಾಡುತ್ತಿದ್ದ. 1943ರಲ್ಲಿ ದುಭಾಷಿಗಳಿಗಾಗಿ ಬರೆದ ಟಿಪ್ಪಣಿಯಲ್ಲಿ, ಗೆದ್ದವನ ಗತ್ತಿನಲ್ಲಿ ಎದುರು ನಿಂತರೆ ಕೈದಿಗೆ ತಾನು ಸೈನಿಕನೆಂಬುದು ನೆನಪಾಗಿ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ ಎಂದು ಎಚ್ಚರಿಸಿದ. ಶತ್ರುವಿನ ಭಾಷೆಯಷ್ಟೇ ಸಾಲದು, ಅವನ ಬದುಕು ಗೊತ್ತಿರಬೇಕು ಎಂಬುದು ಅವನ ವಾದ. ಈ ವಿಧಾನ ಫಲಿಸಲು ಒಂದು ಕಾರಣವೂ ಒದಗಿಬಂದಿತ್ತು. ಸೆರೆಯಾಗುವುದೇ ಅವಮಾನ ಎಂದು ಬೆಳೆದ ಜಪಾನಿ ಸೈನಿಕನಿಗೆ, ಸೆರೆಯಾದ ಮೇಲೆ ಏನು ಹೇಳಬೇಕು, ಏನು ಹೇಳಬಾರದು ಎಂದು ಯಾರೂ ಕಲಿಸಿರಲಿಲ್ಲ. ಸಾಯಿಸುತ್ತಾರೆ ಎಂಬ ಭಯ ಹೋದ ಕೂಡಲೇ ಅವನು ಮನುಷ್ಯನಂತೆ ಮಾತಾಡುತ್ತಿದ್ದ.

ಹಾಗಾದರೆ ಹಿಂಸೆಯಿಂದ ಯಾವತ್ತೂ ನಿಜ ಹೊರಬಂದಿಲ್ಲವೇ? ಬಂದಿದೆ. ಅದನ್ನು ಒಪ್ಪದೆ ವಾದ ಮಾಡುವುದು ಸರಿಯಲ್ಲ. ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಫ್ರೆಂಚರು, ಸಿಕ್ಕಿಬಿದ್ದ ಗೆಳೆಯ ಒಂದಲ್ಲ ಒಂದು ಹೊತ್ತಿಗೆ ಬಾಯಿ ಬಿಡುತ್ತಾನೆಂದೇ ಲೆಕ್ಕ ಹಾಕಿದ್ದರು. ಒಂದೆರಡು ದಿನ ತಡೆದುಕೊ, ಅಷ್ಟರಲ್ಲಿ ಉಳಿದವರು ಜಾಗ ಖಾಲಿ ಮಾಡುತ್ತೇವೆ ಎಂಬುದು ಒಪ್ಪಂದ. ಅದೇ ಫ್ರೆಂಚರು ಹದಿನೈದು ವರ್ಷ ಕಳೆಯುವ ಮೊದಲೇ ಅಲ್ಜೀರಿಯಾದಲ್ಲಿ ಗೆಸ್ಟಾಪೊ ಜಾಗದಲ್ಲಿ ನಿಂತರು. 1957ರಲ್ಲಿ ಅಲ್ಜಿಯರ್ಸ್ ನಗರದಲ್ಲಿ ಸೇನೆ ವಿದ್ಯುತ್ ತಂತಿ, ನೀರಿನ ತೊಟ್ಟಿಗಳ ಬಲದಿಂದ ಬಂಡುಕೋರರ ಜಾಲವನ್ನು ಮುರಿಯಿತು, ನಿಜ. ಅಲ್ಲಿನ ಪೊಲೀಸ್ ವ್ಯವಸ್ಥೆಯ ಹೊಣೆ ಹೊತ್ತಿದ್ದ ಪಾಲ್ ಟೆಟ್‌ಜೆನ್ ಸ್ವತಃ ಗೆಸ್ಟಾಪೊದಿಂದ ಚಿತ್ರಹಿಂಸೆ ಅನುಭವಿಸಿದವನು. ಕೈದಿಗಳ ಮೈಮೇಲೆ ತನ್ನ ಮೈಮೇಲಿದ್ದಂಥದೇ ಗುರುತುಗಳನ್ನು ಕಂಡು ಅವನು ಅದೇ ವರ್ಷ ಹುದ್ದೆ ಬಿಟ್ಟ. ಸೇನೆ ಒಯ್ದವರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ ಎಂದು ಲೆಕ್ಕ ಇಟ್ಟವನೂ ಅವನೇ. ನಗರ ಗೆದ್ದ ಫ್ರಾನ್ಸ್ 1962ರಲ್ಲಿ ದೇಶವನ್ನೇ ಬಿಟ್ಟು ಹೋಗಬೇಕಾಯಿತು.

ಒಮ್ಮೊಮ್ಮೆ ನಿಜ ಸಿಗುತ್ತದೆ ಎಂದೇ ಇಟ್ಟುಕೊಳ್ಳಿ. ಹೊಡೆದು ಪಡೆದ ನೂರು ಮಾತುಗಳಲ್ಲಿ ನಿಜ ಯಾವುದು, ನೋವು ನಿಲ್ಲಿಸಲು ಹೇಳಿದ್ದು ಯಾವುದು ಎಂದು ಬೇರ್ಪಡಿಸುವ ಬಗೆ ಹೊಡೆದವನಿಗೆ ತಿಳಿಯದು. ನಿದ್ದೆಗೆಟ್ಟು, ಹಸಿದು, ಹೆದರಿದ ಮಿದುಳಿನಲ್ಲಿ ಮೊದಲು ಕೆಡುವುದೇ ನೆನಪು. ಹೇಳಬೇಕೆಂದು ಮನಸ್ಸು ಮಾಡಿದವನಿಗೂ ದಿನಾಂಕ, ಮುಖ, ಜಾಗಗಳು ಕಲಸಿಹೋಗುತ್ತವೆ. ಕೇಳುವವನ ಪ್ರಶ್ನೆಯಲ್ಲಿದ್ದ ಹೆಸರೇ ಉತ್ತರದಲ್ಲಿ ನೆನಪಾಗಿ ಮರಳುತ್ತದೆ.

ಕೊರಿಯಾ ಯುದ್ಧದಲ್ಲಿ ಇದಕ್ಕೆ ಪುರಾವೆಯೇ ಸಿಕ್ಕಿತು. ಚೀನೀಯರ ಸೆರೆಯಲ್ಲಿದ್ದ 36 ಅಮೆರಿಕನ್ ವೈಮಾನಿಕರು, ತಾವು ರೋಗಾಣು ತುಂಬಿದ ಬಾಂಬ್ ಹಾಕಿದೆವು ಎಂದು ತಪ್ಪೊಪ್ಪಿಕೊಂಡರು. ಅವರನ್ನು ಒಪ್ಪಿಸಿದ್ದು ಹೇಗೆ ಎಂದು ಅಮೆರಿಕದ ವಾಯುಸೇನೆಗಾಗಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಆಲ್ಬರ್ಟ್ ಬೀಡರ್‌ಮನ್ 1957ರಲ್ಲಿ ಒಂದು ಪಟ್ಟಿ ಪ್ರಕಟಿಸಿದ. ಒಂಟಿಯಾಗಿಡುವುದು, ದೇಹವನ್ನು ದಣಿಸುವುದು, ಬೆದರಿಸುವುದು, ಆಗೊಮ್ಮೆ ಈಗೊಮ್ಮೆ ಕರುಣೆ ತೋರುವುದು, ಮಾನ ಕಳೆಯುವುದು, ಕ್ಷುಲ್ಲಕ ನಿಯಮಗಳನ್ನು ಹೇರುವುದು, ಹೀಗೆ. ಆ ಅಧ್ಯಯನದ ಶೀರ್ಷಿಕೆಯಲ್ಲೇ ಇವು ಸುಳ್ಳು ತಪ್ಪೊಪ್ಪಿಗೆ ಪಡೆಯುವ ಪ್ರಯತ್ನಗಳು ಎಂಬ ಮಾತಿದೆ. 2002ರ ಕೊನೆಗೆ ಅಮೆರಿಕದ ಗ್ವಾಂಟನಾಮೊ ಸೆರೆಶಿಬಿರದ ವಿಚಾರಣಾಧಿಕಾರಿಗಳಿಗೆ ಪಾಠ ಹೇಳಲು ಬಂದವರು ಅದೇ ಪಟ್ಟಿಯನ್ನು ಶೀರ್ಷಿಕೆ ಕಿತ್ತುಹಾಕಿ ಹಂಚಿದರು. ಸುಳ್ಳು ಹೇಳಿಸುವ ವಿಧಾನವನ್ನು ಸತ್ಯ ತಿಳಿಯಲು ಬಳಸಿದರು.

ಫಲ ಏನೆಂಬುದಕ್ಕೆ ಇಬ್ನ್ ಅಲ್-ಶೇಖ್ ಅಲ್-ಲಿಬಿ ಎಂಬ ಕೈದಿಯ ಪ್ರಕರಣ ಸಾಕು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನನ್ನು ಈಜಿಪ್ಟಿಗೆ ಕಳಿಸಿತು. ಅಲ್ಲಿ ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಸುಮಾರು 17 ಗಂಟೆ ತುರುಕಿಟ್ಟು, ಹೊಡೆದರು ಎಂದು ಅವನು ಆಮೇಲೆ ಹೇಳಿದ. ಇರಾಕ್ ಅಲ್-ಕೈದಾಗೆ ರಾಸಾಯನಿಕ, ಜೈವಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದು ಅಲ್ಲಿ ಅವನ ಬಾಯಿಂದ ಬಂದ ಕಥೆಯನ್ನು 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿಟ್ಟರು. ಮರುತಿಂಗಳು ಇರಾಕ್ ಮೇಲೆ ಯುದ್ಧ ಸಾರಿದ್ದಾಯಿತು. ಅದೆಲ್ಲ ಸುಳ್ಳು, ಹೊಡೆತ ನಿಲ್ಲಲೆಂದು ಹೇಳಿದ್ದು ಎಂದು ಲಿಬಿ 2004ರಲ್ಲಿ ಮಾತು ಹಿಂತೆಗೆದುಕೊಂಡ. ಪೆಟ್ಟಿಗೆಯಲ್ಲಿ ಮುದುಡಿದ್ದ ಒಬ್ಬ ಮನುಷ್ಯ ಉಸಿರಾಡಲು ಹೇಳಿದ ಮಾತು ಒಂದು ದೇಶದ ಮೇಲಿನ ಯುದ್ಧಕ್ಕೆ ಸಾಕ್ಷ್ಯವಾಯಿತು.

1949ರ ಜಿನೀವಾ ಒಪ್ಪಂದದ 17ನೇ ವಿಧಿ ಈ ಪ್ರಶ್ನೆಗೆ ಲಾಭನಷ್ಟದ ಲೆಕ್ಕ ಹಾಕುವುದಿಲ್ಲ. ಯುದ್ಧಕೈದಿ ತನ್ನ ಹೆಸರು, ಹುದ್ದೆ, ಹುಟ್ಟಿದ ದಿನಾಂಕ, ನಂಬರ್ ಹೇಳಿದರೆ ಸಾಕು, ಮಾಹಿತಿಗಾಗಿ ಅವನ ದೇಹಕ್ಕಾಗಲಿ ಮನಸ್ಸಿಗಾಗಲಿ ಹಿಂಸೆ ಕೊಡಕೂಡದು. 1965ರ ಸೆಪ್ಟೆಂಬರ್ 22ರಂದು ಪಾಕಿಸ್ತಾನದ ನೆಲದಲ್ಲಿ ಬಿದ್ದ ಕೊಡಗಿನ ಯುವ ಪೈಲಟ್ ನಂದಾ ಕಾರ್ಯಪ್ಪ ಹೇಳಿದ್ದು ಅಷ್ಟನ್ನೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಎಂದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡುಗಡೆ ಮಾಡಲು ಮುಂದಾದಾಗ, ಅಲ್ಲಿರುವ ಭಾರತೀಯ ಕೈದಿಗಳೆಲ್ಲರೂ ನನ್ನ ಮಕ್ಕಳೇ, ಅವನೊಬ್ಬನಿಗೆ ವಿಶೇಷ ಬೇಡ ಎಂದು ತಂದೆ ತಿಳಿಸಿದ್ದು ನಮ್ಮವರಿಗೆಲ್ಲ ಗೊತ್ತಿರುವ ಸಂಗತಿ. 2019ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸೆರೆಯಲ್ಲಿದ್ದ ನಮ್ಮ ಪೈಲಟ್ ಅಭಿನಂದನ್ ವರ್ಧಮಾನ್ ಚಹಾದ ಕಪ್ ಹಿಡಿದು ನಿಂತ ವಿಡಿಯೊವನ್ನೂ ದೇಶವೇ ನೋಡಿತು. ಚಹಾ ಚೆನ್ನಾಗಿದೆ ಎಂದರು. ಯಾವ ವಿಮಾನ, ಯಾವ ಕೆಲಸಕ್ಕೆ ಬಂದಿರಿ ಎಂದಾಗ ಹೇಳುವಂತಿಲ್ಲ ಎಂದರು. ಆ ಚಹಾದ ಹಿಂದಿನ ತರ್ಕ ಶಾರ್ಫ್‌ಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ನಮ್ಮ ಯೋಧ ಶತ್ರುವಿನ ಕೈಗೆ ಸಿಕ್ಕಾಗ ಈ 17ನೇ ವಿಧಿ ನಮಗೆ ದೇವರಂತೆ ಕಾಣುತ್ತದೆ. ನಮ್ಮದೇ ಠಾಣೆಗಳಲ್ಲಿ ಸಿಕ್ಕವನ ವಿಷಯ ಬಂದಾಗ ಹಾಗೆ ಕಾಣುವುದಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಮರುದಿನವೇ ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ಅದು ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಗಿ, ಅಲ್ಲಿಂದ ಮುಂದೆ ಸಾಗದೆ ಬಿದ್ದುಹೋಯಿತು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ. ಅದನ್ನು ಅನುಮೋದಿಸಿ ಕಾನೂನು ಮಾಡಿ ಎಂದು ಕಾನೂನು ಆಯೋಗ 2017ರಲ್ಲಿ ತನ್ನ 273ನೇ ವರದಿಯಲ್ಲಿ ಶಿಫಾರಸು ಮಾಡಿ, ಮಸೂದೆಯ ಕರಡನ್ನೂ ಜೊತೆಗಿಟ್ಟು ಕೊಟ್ಟಿದೆ. ಸಂಸತ್ತು ಅದನ್ನು ಕೈಗೆತ್ತಿಕೊಳ್ಳಬೇಕು.